ಎಂಟನೆಯ ಕೈ

ಹೆಬ್ಬೆರಳಿಗೆ ಆದದ್ದು ಅಂಥ ದೊಡ್ಡ ಗಾಯವೇನೂ ಅಲ್ಲ. ಆದರೆ ಅಮ್ಮನ ಕಣ್ಣಿಗೆ ಬಿದ್ದ ಮೇಲೆ ಯಾವ ಗಾಯ ತಾನೇ ಚಿಕ್ಕದಾಗಿ ಉಳಿದೀತು? "ತುಕ್ಕು ಹಿಡಿದ ತಗಡು ಅಂತೀಯ, ಇಂಜೆಕ್ಷನ್ ಹಾಕಿಸ್ಕೊಂಡ್ಯಾ? ಹಾಕಿಸ್ಕೊಂಡಿರಲ್ಲ. ಐವತ್ತೆಂಟು ವರ್ಷ ಆಯ್ತು, ಇನ್ನೂ ನಾನೇ ಹೇಳ್ಬೇಕು," ಎಂದು ಗೊಣಗುತ್ತ ಅಮ್ಮ ನಿನ್ನೆಯ ಪಟ್ಟಿಯನ್ನು ಕಿತ್ತು, ಅಂಟುಪಟ್ಟಿಯ ಸುರುಳಿಯಿಂದ ಹೊಸ ತುಂಡೊಂದನ್ನು ಕತ್ತರಿಸಿ ಮಗಳ ಹೆಬ್ಬೆರಳಿಗೆ ಸುತ್ತಿದಳು. ಎಂಬತ್ತು ವರ್ಷದ ಅಮ್ಮನ ಕೈ ಲೋಟ ಹಿಡಿದರೆ ನಡುಗುತ್ತದೆ, ಪೆನ್ನು ಹಿಡಿದರೆ ನಡುಗುತ್ತದೆ. ಕತ್ತರಿ ಹಿಡಿದಾಗ ಮಾತ್ರ ಅದೇನು ಮಾಯವೋ, ನಡುಕವೆಲ್ಲ ನಿಂತುಹೋಗುತ್ತದೆ. ಇದನ್ನು ದಿನಾ ನೋಡುವವಳು ಇಂದೂ ನೋಡಿದಳು, ನೋಡಿಯೂ ನೋಡಲಿಲ್ಲ. ಮನಸ್ಸೆಲ್ಲ ನಿನ್ನೆ ಬೆರಳು ಕುಯ್ದ ಡಬ್ಬಿಯಲ್ಲೇ ಇತ್ತು. ಅದರೊಳಗೆ ಯಾವ ಸಿನಿಮಾ ಇದೆಯೆಂದು ಅಮ್ಮನಿಗೆ ಹೇಳಿರಲಿಲ್ಲ. ಹೇಳಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಕಾಫಿ ಕುಡಿದಿದ್ದಳು.

ಅವಳದು ಬೆರಳಿನ ಕೆಲಸ. ಹಳೆಯ ಸಿನಿಮಾಗಳನ್ನು ಕಾದಿಡುವ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಅವಳ ಮೇಜು. ಮೇಜಿನ ಎರಡು ತುದಿಗೆ ಎರಡು ಚಕ್ರ, ನಡುವೆ ಹಾಲುಗಾಜು, ಅದರಡಿ ದೀಪ. ಒಂದು ಕೈಯಿಂದ ರೀಲು ಸುತ್ತುತ್ತ ಇನ್ನೊಂದು ಕೈಯ ಎರಡು ಬೆರಳಿನ ನಡುವೆ ಫಿಲ್ಮಿನ ಅಂಚನ್ನು ಹಾಯಿಸಿದರೆ ಸಾಕು, ಎಲ್ಲಿ ಹರಿದಿದೆ, ಎಲ್ಲಿ ಅಂಚಿನ ತೂತುಗಳು ಕಿತ್ತಿವೆ, ಎಲ್ಲಿ ಯಾರು ಕತ್ತರಿಸಿ ಅಂಟಿಸಿದ್ದಾರೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು. ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ಒಂದು ಹಂಚಿಕೆ ಕಂಪನಿಯಲ್ಲಿ ಇದೇ ಕೆಲಸ ಮಾಡಿದ್ದಳು. ಟಾಕೀಸುಗಳಿಂದ ವಾಪಸು ಬಂದ ಪ್ರಿಂಟನ್ನು ಪರೀಕ್ಷಿಸಿ ರಿಪೋರ್ಟು ಬರೆಯುವುದು. ಆ ಕಂಪನಿ ಮುಚ್ಚಿ, ಅದರ ಗೋದಾಮಿಗೂ ಬೀಗ ಬಿದ್ದು, ಈಗ ಯಾರೋ ಪುಣ್ಯಾತ್ಮರು ಬೀಗ ಒಡೆಸಿ ಡಬ್ಬಿಗಳನ್ನೆಲ್ಲ ಇಲ್ಲಿಗೆ ಸಾಗಿಸಿದ್ದರು. ನಿನ್ನೆ ಒಂದನೆಯ ಡಬ್ಬಿಯ ಮುಚ್ಚಳ ಎತ್ತಿದಾಗ ಅದರೊಳಗೆ ನಾಲ್ಕಾಗಿ ಮಡಚಿದ ಹಳದಿ ಕಾಗದವೊಂದಿತ್ತು. ಬಿಡಿಸುವ ಮೊದಲೇ ಅದು ಏನೆಂದು ಅವಳಿಗೆ ಗೊತ್ತಾಗಿಹೋಯಿತು. ಮುಚ್ಚಳ ಜಾರಿದ್ದು, ತಗಡು ಬೆರಳಿಗೆ ಹೊಕ್ಕಿದ್ದು ಆಗಲೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಕ್ಕರೇನು, ಹೊರಗೆ ಕಂಡ ಅಂಗಡಿ, ಸ್ಕೂಟರು, ಛತ್ರಿ ರಿಪೇರಿಯವನು ಒಂದೂ ತಲೆಗೆ ಹೋಗಲಿಲ್ಲ. ಆ ಕಾಗದದ ಸಾಲುಗಳು ಬಾಯಿಪಾಠದಂತೆ ಬರುತ್ತಿದ್ದವು. 'ಹಾಡುಗಳಲ್ಲಿ ಹನ್ನೊಂದು ಕಡೆ ಅನಧಿಕೃತ ಕತ್ತರಿ. ಹನ್ನೊಂದೂ ಒಂದೇ ಕೈಯ ಕೆಲಸ. ಆಪರೇಟರು ತನ್ನ ಎಂದಿನ ಕೆಂಪು ಚುಕ್ಕೆ ಇಡದೆ ಗುರುತು ಮರೆಸಲು ಯತ್ನಿಸಿರುವುದು ಕಂಡುಬರುತ್ತದೆ.' ಕಂಡುಬರುತ್ತದಂತೆ! ಇಪ್ಪತ್ತೆರಡು ವರ್ಷದವಳಿಗೆ ಏನು ಕಂಡುಬಂದಿತ್ತೋ. ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಗಿತ್ತಷ್ಟೆ. ಪ್ರಿಂಟು ಬಂದದ್ದು ಊರಿನ ಟಾಕೀಸಿನಿಂದ. ಅಲ್ಲಿ ಸಿನಿಮಾ ಯಂತ್ರ ಓಡಿಸುವ ಆಪರೇಟರು ಅಪ್ಪ. ಭಾನುವಾರಗಳಲ್ಲಿ ಅಪ್ಪ ಹರಿದ ಟ್ರೈಲರುಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಜೋಡಿಸುತ್ತಿದ್ದ. ಆ ಜಾಯಿಂಟುಗಳೆಲ್ಲ ಒಂದು ಪಕ್ಕಕ್ಕೆ ಓರೆ. ಮನೆಯ ಬಾಗಿಲು ನೋಡಿ ಗುರುತು ಹಿಡಿಯುವ ಹಾಗೆ ಅವಳು ಆ ಓರೆಯನ್ನು ಗುರುತು ಹಿಡಿದಳು. ಹಿಡಿದಾಗ ಬೇಸರವಾಯಿತೇ? ಅದನ್ನೇ ಈಗ ನೆನೆಸಿಕೊಂಡರೆ ನಾಚಿಕೆಯಾಗುವುದು. ಬೇಸರವಾಗಲಿಲ್ಲ. ಅಪ್ಪನಾದರೇನು, ತಪ್ಪೆಂದರೆ ತಪ್ಪೇ ಎಂದು ಎದೆಯುಬ್ಬಿಸಿ, ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದಳು. ಒಂದು ಎಚ್ಚರಿಕೆಯ ಪತ್ರ ಹೋಗಬಹುದು ಅಂದುಕೊಂಡಿದ್ದಳು. ಟಾಕೀಸಿನ ಮಾಲೀಕರು ಅಪ್ಪನನ್ನು ಕ್ಯಾಬಿನ್ನಿನಿಂದ ಇಳಿಸಿ ಗೇಟಿನಲ್ಲಿ ಟಿಕೆಟ್ ಹರಿಯಲು ನಿಲ್ಲಿಸಿದರು. ಇಪ್ಪತ್ತೇಳು ವರ್ಷ ಎರಡು ಯಂತ್ರಗಳನ್ನು ಮಕ್ಕಳ ಹಾಗೆ ನೋಡಿಕೊಂಡ ಮನುಷ್ಯ ಟಾಕೀಸು ಮುಚ್ಚುವ ತನಕ, ಒಂಬತ್ತು ವರ್ಷ, ಅಲ್ಲೇ ನಿಂತಿದ್ದ.

ಒಂದು ಸಲ, ಅಪ್ಪ ಗೇಟಿಗೆ ಬಂದ ಎರಡನೆಯ ವರ್ಷ, ಆಫೀಸಿನ ಐದಾರು ಜನರ ಜೊತೆ ಅದೇ ಟಾಕೀಸಿಗೆ ಹೋಗಬೇಕಾಗಿ ಬಂತು. ಬರುವುದಿಲ್ಲ ಎನ್ನಲು ನೆಪ ಸಿಗಲಿಲ್ಲ. ಅಪ್ಪ ಖಾಕಿ ಅಂಗಿ ತೊಟ್ಟು ನಿಂತಿದ್ದ. ಎಲ್ಲರ ಟಿಕೆಟು ಹರಿದ. ಅವಳ ಟಿಕೆಟನ್ನೂ ತೆಗೆದುಕೊಂಡು, ಮಡಿಕೆಯ ಮೇಲೆ ನೆಟ್ಟಗೆ, ಒಂದು ಎಳೆಯೂ ಆಚೀಚೆಯಾಗದ ಹಾಗೆ ಹರಿದು, ಅರ್ಧ ಕೈಗಿಟ್ಟು, "ಬನ್ನಿ ಬನ್ನಿ, ಬಾಲ್ಕನಿ ಮೇಲೆ, ಮೆಟ್ಟಿಲು ಹುಷಾರು," ಅಂದ. ಬನ್ನಿ ಅಂದ. ಜನ್ಮದಲ್ಲಿ ಅವಳಿಗೆ ಬಹುವಚನ ಹಚ್ಚದವನು. ಮಗಳ ಜೊತೆಯವರಿಗೆ ಗೇಟಿನವನು ಅವಳಪ್ಪ ಎಂದು ಗೊತ್ತಾಗುವುದು ಬೇಡ ಎಂದು ಅವನೇ ಎಣಿಸಿ, ಅವನೇ ನಿಭಾಯಿಸಿದ್ದ. 'ಇವರು ನಮ್ಮಪ್ಪ' ಅನ್ನಲು ಎಷ್ಟು ಹೊತ್ತು ಬೇಕು? ಅವಳು ಮೆಟ್ಟಿಲು ಹತ್ತಿದಳು. ಮೇಲೆ ಕೂತು ಇಡೀ ಸಿನಿಮಾ ಆ ಅರ್ಧ ಟಿಕೆಟನ್ನು ಉಗುರಿನಲ್ಲಿ ಕೆರೆಯುತ್ತಿದ್ದಳು. ಆಮೇಲೆ ಅಪ್ಪ ಬದುಕಿದ್ದ ಅಷ್ಟೂ ವರ್ಷ ಇಬ್ಬರೂ ಆ ದಿನದ ಮಾತೆತ್ತಲಿಲ್ಲ, ರಿಪೋರ್ಟಿನ ಮಾತನ್ನಂತೂ ಇಲ್ಲವೇ ಇಲ್ಲ. ಆದರೆ ಒಂದು ಕುತೂಹಲ ಮಾತ್ರ ಅವಳೊಳಗೆ ಹಲ್ಲುನೋವಿನ ಹಾಗೆ ಉಳಿದುಬಿಟ್ಟಿತು. ಅಪ್ಪ ಆ ಹನ್ನೊಂದು ಕಡೆ ಕತ್ತರಿಸಿದ್ದಾದರೂ ಯಾಕೆ? ಹಾಡುಗಳಲ್ಲಿ ಕುಣಿಯುವ ಹುಡುಗಿಯರ ಚಿತ್ರಗಳೆಂದು ಮಾರಿಕೊಂಡನೇ? ಇಟ್ಟುಕೊಂಡನೇ? ಕೇಳಬೇಕಾದವಳು ಕೇಳಲಿಲ್ಲ. ಹೇಳಬೇಕಾದವನು ತೀರಿಕೊಂಡು ಹದಿನಾರು ವರ್ಷವಾಯಿತು.

ನೆಲಮಾಳಿಗೆಗೆ ಇಳಿಯುವಷ್ಟರಲ್ಲಿ ಟಿಪ್ಪಣಿಯವನು ಅವಳ ಮೇಜಿನ ಬಳಿಯೇ ಕುರ್ಚಿ ಎಳೆದುಕೊಂಡು ಕೂತಿದ್ದ. ಬಂದ ಸಿನಿಮಾಗಳ ಬಗ್ಗೆ ಸಂಗ್ರಹಾಲಯದ ಪಟ್ಟಿಗೆ ಹತ್ತು ಸಾಲು ಬರೆಯುವುದು ಅವನ ಕೆಲಸ. ಮೂವತ್ತೈದರ ಒಳಗಿನ ಪ್ರಾಯ, ಸಿನಿಮಾ ಎಂದರೆ ಊಟ ಬಿಡುವ ಜಾತಿ. ನಿನ್ನೆ ಅವಳು ಗಾಯ ತೊಳೆದುಕೊಂಡು ಬೇಗ ಮನೆಗೆ ಹೋದ ಮೇಲೆ ಇವನೊಬ್ಬನೇ ನೋಡುವ ಯಂತ್ರದಲ್ಲಿ ಅಷ್ಟೂ ರೀಲು ನೋಡಿ ಮುಗಿಸಿದ್ದ.

"ಮೇಡಂ, ಈ ಸಿನಿಮಾ ತೆಗೆದೋರಿಗೆ ತಲೆ ಸರಿ ಇತ್ತಾ?" ಎಂದ. "ಅರ್ಧ ಗೂಢಚಾರರ ಕಥೆ, ಅರ್ಧ ಹಾಡು ಕುಣಿತ. ಗೂಢಚಾರರ ಭಾಗ ನೋಡಿ, ಏನು ಬಿಗಿ! ರೈಲು, ಮಂಜು, ಕೋಟಿನ ಕಾಲರ್ ಎತ್ತಿಕೊಂಡು ಓಡಾಡೋದು, ಉಸಿರು ಬಿಗಿ ಹಿಡಿದು ನೋಡ್ದೆ. ಇನ್ನೇನು ಸಿಕ್ಕಿಬಿದ್ದ ಅನ್ನುವಾಗ ಎಂಟು ಜನ ಹುಡುಗಿಯರು ಗರಿ ಸಿಕ್ಕಿಸಿಕೊಂಡು ಬಂದು ಕುಣಿಯೋಕೆ ಶುರು. ಹೋಗಲಿ, ಕುಣೀಲಿ. ಹಾಡಾದ್ರೂ ಸರಿಯಾಗಿದೆಯಾ ಅಂದ್ರೆ ಅದೂ ಇಲ್ಲ, ನಡುನಡುವೆ ಎಗರುತ್ತೆ. ಕಾಲು ಎತ್ತಿದವಳು ಇಳಿಸೋದೇ ಇಲ್ಲ."

"ಹೂಂ," ಎಂದಳು.

"ಅದಕ್ಕಿಂತ ಮಜಾ ಕೇಳಿ. ಕ್ಲಬ್ಬಲ್ಲಿ ಮೂರನೇ ಹಾಡು. ನಾಯಕ ಸುಮ್ಮನೆ ಮೂಲೇಲಿ ಕೂತಿದ್ದಾನೆ. ಯಾರೂ ಅವನ ಹತ್ರ ಮಾತಾಡಲ್ಲ, ಚೀಟಿ ಕೊಡಲ್ಲ. ಹಾಡು ಎಗರಿ ಮುಗಿಯುತ್ತೆ. ನಾಯಕ ಎದ್ದು, 'ಎಂಟು' ಅಂತಾನೆ. ಹೋಗಿ ತಿಜೋರಿಗೆ ಅದೇ ನಂಬರ್ ತಿರುಗಿಸ್ತಾನೆ, ಬಾಗಿಲು ತೆರೆದುಕೊಳ್ಳುತ್ತೆ. ಎಂಟು ಎಲ್ಲಿಂದ ಬಂತು ಮೇಡಂ? ಆಕಾಶದಿಂದ ಉದುರ್ತಾ? ನಾನು 'ಏರುಪೇರಿನ ಚಿತ್ರ, ತರ್ಕಕ್ಕೂ ಇದಕ್ಕೂ ಎಣ್ಣೆ ಸೀಗೇಕಾಯಿ' ಅಂತ ಬರೆದಿದ್ದೆ. ಆಮೇಲೆ ಡಬ್ಬಿಯಲ್ಲಿ ಈ ಕಾಗದ ಸಿಕ್ತು." ಅವನು ಹಳದಿ ಕಾಗದವನ್ನು ಎತ್ತಿ ಹಿಡಿದ. "ಹನ್ನೊಂದು ಕಡೆ ಕತ್ತರಿ! ಯಾವನೋ ಅಡ್ನಾಡಿ ಆಪರೇಟರ್ ಒಳ್ಳೆ ಸಿನಿಮಾನ ಹಾಳು ಮಾಡಿಟ್ಟಿದ್ದಾನೆ. ಪ್ರಪಂಚದಲ್ಲಿ ಉಳಿದಿರೋದು ಇದೊಂದೇ ಪ್ರಿಂಟು. ಸಹಿ ನಿಮ್ಮದೇ ಅಲ್ವಾ? ನಿಮಗೆ ಗೊತ್ತಿತ್ತಾ ಅವನು ಯಾರು ಅಂತ?"

ಅವಳು ಕೈಗವಸು ಹುಡುಕುವವಳಂತೆ ಡ್ರಾಯರಿಗೆ ಬಗ್ಗಿದಳು. "ಎಷ್ಟೋ ವರ್ಷ ಆಯ್ತಪ್ಪ," ಎಂದಳು. ಆ ದಿನ ಟಾಕೀಸಿನಲ್ಲಿ ಹತ್ತಿದ ಹಾಗೆ ಇಂದೂ ಮೆಟ್ಟಿಲು ಹತ್ತಿಬಿಟ್ಟಿದ್ದಳು. ಐವತ್ತೆಂಟಕ್ಕೂ ಅದೇ ಬುದ್ಧಿ. ಕೈಗವಸು ಮೇಲೆಯೇ ಇತ್ತು, ಕಣ್ಣೆದುರಿಗೇ ಇತ್ತು.

ಅವನು ಚಹಾಕ್ಕೆ ಹೋದ ಮೇಲೆ ಮೂರನೆಯ ಹಾಡಿನ ರೀಲನ್ನು ಚಕ್ರಕ್ಕೆ ಏರಿಸಿದಳು. ಹೆಬ್ಬೆರಳಿಗೆ ಪಟ್ಟಿ ಇದ್ದುದರಿಂದ ಗವಸು ತೂರಲಿಲ್ಲ. ಬರಿಗೈಯಲ್ಲೇ ಅಂಚು ಹಿಡಿದು ನಿಧಾನವಾಗಿ ಸುತ್ತತೊಡಗಿದಳು. ಫಿಲ್ಮು ವಯಸ್ಸಾಗಿ ಹುಳಿ ಹಿಡಿದ ವಾಸನೆ. ರೀಲಿನ ಮೊದಲಿಗೇ ಒಂದು ಜಾಯಿಂಟು ಬೆರಳಿಗೆ ತಾಗಿತು. ನೆಟ್ಟಗೆ, ಅಡ್ಡಗೆರೆ ಎಳೆದ ಹಾಗೆ. ಪಕ್ಕದಲ್ಲಿ ಮಾಸಿದ ಕೆಂಪು ಚುಕ್ಕೆ. ಅಪ್ಪನ ಚುಕ್ಕೆ. ಎಲ್ಲಾದರೂ ಜೋಡಿಸಿದರೆ ಅಂಚಿನಲ್ಲಿ ಕೆಂಪು ಪೆನ್ಸಿಲಿನ ಒಂದು ಚುಕ್ಕೆ ಇಡುವುದು ಅಪ್ಪನ ಪದ್ಧತಿ. 'ಮಾಡಿದ್ದನ್ನ ಮಾಡಿದ್ದೀನಿ ಅಂತ ಹೇಳ್ಬೇಕು, ಮುಂದಿನ ಊರಿನವನಿಗೆ ಗೊತ್ತಾಗಬೇಕು' ಅನ್ನುತ್ತಿದ್ದ. ಸುತ್ತಿದಳು. ಹುಡುಗಿಯರು ಹಾಲುಗಾಜಿನ ಮೇಲೆ ಬೆರಳುಗುರಿನಷ್ಟು ಚಿಕ್ಕವರಾಗಿ, ಗರಿ ಸಿಕ್ಕಿಸಿಕೊಂಡು, ಸಾಲಾಗಿ ನಿಂತಿದ್ದರು. ಅಲ್ಲೇ ಸಿಕ್ಕಿತು ಓರೆ ಜಾಯಿಂಟು. ಚುಕ್ಕೆ ಇಲ್ಲ. ಮೂವತ್ತಾರು ವರ್ಷದ ಕೆಳಗೆ ಇಷ್ಟನ್ನೇ ನೋಡಿದ್ದಳು, ಇಷ್ಟಕ್ಕೇ ತೀರ್ಪು ಕೊಟ್ಟಿದ್ದಳು. ಈಗ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಕೆಳಗಿನ ದೀಪದ ಬೆಳಕು ಓರೆ ಜಾಯಿಂಟಿನ ಮೇಲೆಯೂ ಬಿದ್ದಿತ್ತು, ಅದನ್ನು ಹಿಡಿದ ಹೆಬ್ಬೆರಳ ಪಟ್ಟಿಯ ಮೇಲೆಯೂ ಬಿದ್ದಿತ್ತು. ಪಟ್ಟಿಯ ತುದಿ ಓರೆ. ಬಲದಿಂದ ಎಡಕ್ಕೆ ಇಳಿಯುವ ಓರೆ. ಜಾಯಿಂಟು ಕೂಡ ಬಲದಿಂದ ಎಡಕ್ಕೆ, ಅಷ್ಟೇ ಇಳಿಜಾರು. ಬೆರಳನ್ನು ಸರಿಸಿ ಒಂದರ ಪಕ್ಕ ಒಂದನ್ನು ಹಿಡಿದಳು. ಒಂದೇ ಕೈ.

ಒಂದು ಕ್ಷಣ ಏನೂ ಹೊಳೆಯಲಿಲ್ಲ. ಅನಂತರ ಒಂದೊಂದಾಗಿ ಎಲ್ಲವೂ ಬಂದು ಎದುರು ನಿಂತವು. ಊಟದ ಮೇಜು, ಭಾನುವಾರ, ಅಪ್ಪ ಪತ್ರಿಕೆ ಓದುತ್ತ ಸುದ್ದಿಗಳನ್ನು ಗಟ್ಟಿಯಾಗಿ ಹೇಳುತ್ತಿದ್ದದ್ದು, ಅಮ್ಮ ಎದುರು ಕೂತು ಟ್ರೈಲರಿನ ಹರಿದ ತುದಿ ಕತ್ತರಿಸಿ, ಬ್ಲೇಡಿನಲ್ಲಿ ಕೆರೆದು, ಸಣ್ಣ ಕುಂಚದಿಂದ ಫಿಲ್ಮು ಅಂಟಿಸುವ ಸಿಮೆಂಟು ಹಚ್ಚಿ ಒತ್ತಿ ಹಿಡಿಯುತ್ತಿದ್ದದ್ದು. ಅಪ್ಪ ತಂದ ಕೆಲಸ, ಆದ್ದರಿಂದ ಅಪ್ಪನ ಕೆಲಸ ಎಂದು ಅವಳ ತಲೆ ಬರೆದಿಟ್ಟುಕೊಂಡುಬಿಟ್ಟಿತ್ತು. ಅಮ್ಮ ಉಣ್ಣುವುದು ಬಲಗೈಯಲ್ಲಿ, ಬರೆಯುವುದು ಬಲಗೈಯಲ್ಲಿ. ಚಿಕ್ಕಂದಿನಲ್ಲಿ ಹೊಡೆದು ತಿದ್ದಿದ್ದರಂತೆ. ಕತ್ತರಿ ಮಾತ್ರ ಎಡಗೈಯಲ್ಲಿ. ಇವತ್ತು ಬೆಳಿಗ್ಗೆ ಕೂಡ. ಹದ್ದಿನ ಕಣ್ಣು ಎಂದು ಹೆಸರಾದವಳು ಎಂಬತ್ತು ವರ್ಷದ ಮುದುಕಿಯ ಕೈ ನೋಡಿರಲಿಲ್ಲ. ಅಪ್ಪ ಕತ್ತರಿಸಿರಲಿಲ್ಲ. ಚುಕ್ಕೆ ಇಲ್ಲದ್ದು ಅಪ್ಪ ಮುಚ್ಚಿಟ್ಟದ್ದರಿಂದಲ್ಲ, ಅದು ಅಪ್ಪನದಲ್ಲದ್ದರಿಂದ. ದೀಪ ಆರಿಸಿ, ಚೀಲ ತೆಗೆದುಕೊಂಡು, ಹೇಳದೆ ಕೇಳದೆ ಹೊರಟಳು.

ಅಮ್ಮ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಮಗಳು ಬಂದದ್ದು ನೋಡಿ, "ನೋಡ್ದ್ಯಾ, ಜ್ವರ ಬಂತಾ? ನಾನು ಹೇಳ್ಲಿಲ್ವಾ ಇಂಜೆಕ್ಷನ್ ಅಂತ," ಎಂದು ಹಣೆ ಮುಟ್ಟಲು ಕೈ ಚಾಚಿದಳು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಅಮ್ಮ, ಗೂಢಚಾರರ ಸಿನಿಮಾ. ಗರಿ ಸಿಕ್ಕಿಸಿಕೊಂಡ ಎಂಟು ಜನ ಹುಡುಗಿಯರು. ಹನ್ನೊಂದು ಕಡೆ ಕತ್ತರಿಸಿದ್ದು ನೀನಾ?"

ಅಮ್ಮ ಕೈ ಬಿಡಿಸಿಕೊಂಡು ಮಡಚಿದ ಬಟ್ಟೆಯನ್ನೇ ಇನ್ನೊಮ್ಮೆ ಮಡಚಿದಳು. ಅಲ್ಲ ಎನ್ನಬಹುದು, ಯಾವ ಸಿನಿಮಾ ಎನ್ನಬಹುದು, ಇಷ್ಟು ವಯಸ್ಸಾದ ಮೇಲೆ ಕಿವುಡು ಕೂಡ ನಟಿಸಬಹುದು. ಅಮ್ಮ ಯಾವುದನ್ನೂ ಮಾಡಲಿಲ್ಲ. "ಬಂತಾ ಅದು?" ಎಂದಳು, ತುಂಬ ದಿನದಿಂದ ಕಾಯುತ್ತಿದ್ದ ಕಾಗದ ಬಂದ ಹಾಗೆ. "ಕೂತ್ಕೋ. ನಿಂತ್ಕೊಂಡು ಹೇಳೋ ಮಾತಲ್ಲ."

ಮದುವೆಗೆ ಮುಂಚೆ ಸಿನಿಮಾ ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುತ್ತಿದ್ದೆ ಎಂದು ಅಮ್ಮ ಹೇಳಿಕೊಂಡು ಬಂದದ್ದು ಪೂರಾ ಸುಳ್ಳಲ್ಲ. ಹತ್ತೊಂಬತ್ತು ವರ್ಷಕ್ಕೆ ಸೇರಿದ್ದು ಹೊಲಿಯಲಿಕ್ಕೇ. ಗುಂಪಿನ ಹುಡುಗಿಯೊಬ್ಬಳಿಗೆ ಕಾಲು ಉಳುಕಿತು, ಗರಿಯ ಬಟ್ಟೆ ಅಮ್ಮನ ಮೈಗೆ ಸರಿಹೊಂದಿತು, ನಿಲ್ಲಿಸಿಬಿಟ್ಟರು. ಎಂಟನೆಯವಳು. ಮೂರು ದಿನದಲ್ಲಿ ಮೂರು ಹಾಡು ಕಲಿಯಬೇಕು.

"ಆ ಸಿನಿಮಾದಲ್ಲಿ ಗುಟ್ಟು ಇರೋದೇ ಕುಣಿತದಲ್ಲಿ ಕಣೇ. ಹುಡುಗಿಯರು ಎಷ್ಟು ಬಲಗೈ ಎತ್ತುತ್ತಾರೋ ಅದೇ ತಿಜೋರಿ ನಂಬರ್. ನಾಯಕ ಮೂಲೇಲಿ ಕೂತು ಬೆರಳು ಮಡಚಿ ಎಣಿಸ್ತಾನೆ. ಅಲ್ಲಿ ಎಂಟೂ ಜನ ಬಲಗೈ ಎತ್ಬೇಕು. ಅಷ್ಟೇ. ಅದರಲ್ಲೇನು ಕಷ್ಟ ಅಂತೀಯ? ದೀಪ ಹಾಕಿ, ಕ್ಯಾಮೆರಾ ತಿರುಗಿ, 'ಹಾಂ' ಅಂದ ಕೂಡಲೇ ನನ್ನ ಎಡಗೈ ಮೇಲೆ ಹೋಗ್ತಿತ್ತು. ಅದಕ್ಕೆ ಯಾರು ಹೇಳೋದು? ಮಾಸ್ಟರು ಬಾಯಿಗೆ ಬಂದ ಹಾಗೆ ಬೈದ್ರು. ಎಡಚಿ, ಎಡಚಿ ಅಂತ ಎಲ್ಲರ ಮುಂದೆ. ದೇಶದ ಗುಟ್ಟನ್ನೆಲ್ಲ ನೀನೊಬ್ಬಳೇ ಹಾಳು ಮಾಡ್ದೆ ಅಂತ. ಐದು ಸಲ ತೆಗೆದ್ರು. ಆಮೇಲೆ ಫಿಲ್ಮ್ ಇಲ್ಲ ಅಂದ್ರು. ಯಾರೂ ಎಣಿಸಲ್ಲ, ಬಿಡ್ರಿ ಅಂದ್ರು ಡೈರೆಕ್ಟ್ರು."

"ಆಮೇಲೆ?"

"ಎಣಿಸಿದ್ರು. ಇಪ್ಪತ್ತೈದು ವರ್ಷ ಆದ್ಮೇಲೆ ನಮ್ಮೂರ ಟಾಕೀಸಿಗೆ ಹಳೇ ಸಿನಿಮಾ ಅಂತ ಅದು ಬಂತು. ನೀನು ಆಗ ಕೆಲಸದ ತರಬೇತಿಗೆ ಅಂತ ಹಾಸ್ಟೆಲಲ್ಲಿದ್ದೆ. ನಾನು ಹೋದೆ, ಹೆಂಗಸರ ಸೀಟಲ್ಲಿ ಕೂತೆ. ಮೊದಲ ಎರಡು ಹಾಡಲ್ಲೂ ನನ್ನ ಎಡಗೈಯೇ, ಯಾರೂ ನೋಡ್ಲಿಲ್ಲ. ಮೂರನೇದರಲ್ಲಿ ನಾಯಕ 'ಎಂಟು' ಅಂದ. ಮುಂದಿನ ಸಾಲಿಂದ ಯಾವನೋ 'ಏಳು!' ಅಂತ ಕೂಗಿದ. ಇಡೀ ಟಾಕೀಸು ಹೋ ಅಂತು. ಮಾರನೇ ದಿನದಿಂದ ಜನ ಬರ್ತಿದ್ದಿದ್ದೇ ಅದಕ್ಕೆ. ಒಟ್ಟಿಗೆ ಎಣಿಸೋರು, ಒಂದು, ಎರಡು, ಮೂರು... ಏಳು! ಆ ಎಂಟನೇ ಮಂಕು ಯಾವಳೋ ಅಂತ ಪಕ್ಕದ ಮನೆಯವಳು ನನ್ನನ್ನೇ ಕೇಳಿ ನಕ್ಕಳು. ನನಗೆ ನಲವತ್ತನಾಲ್ಕು ವರ್ಷ ಕಣೇ ಆಗ. ಬೆಳೆದ ಮಗಳಿದ್ದಾಳೆ, ಮನೆ ಇದೆ. ಯಾರಿಗೂ ಗೊತ್ತಿಲ್ಲ ಅದು ನಾನು ಅಂತ. ಆದ್ರೂ ದಿನಾ ಮೂರು ಆಟ, ದಿನಾ ಮೂರು ಸಲ ನನ್ನ ತಪ್ಪನ್ನ ಊರೆಲ್ಲ ಸೇರಿ ಎಣಿಸ್ತಾರೆ ಅಂತ ಅನ್ನಿಸ್ಬಿಡ್ತು. ನಿಮ್ಮಪ್ಪನಿಗೆ ಊಟ ತೊಗೊಂಡು ಕ್ಯಾಬಿನ್ನಿಗೆ ಹೋದೋಳು, ಅವರು ಉಣ್ತಾ ಇದ್ದಾಗ ಕೂತು ಎಲ್ಲೆಲ್ಲಿ ನನ್ನ ಎಡಗೈ ಮೇಲೆ ಹೋಗಿದೆಯೋ ಅಷ್ಟನ್ನೂ ಕತ್ತರಿಸಿಬಿಟ್ಟೆ. ನಾಯಕ ಎಣಿಸೋದೂ ಅದರ ಜೊತೆ ಹೋಯ್ತು. ಹೋಗ್ಲಿ ಅಂದೆ."

"ಅಪ್ಪ ಸುಮ್ಮನಿದ್ನಾ?"

"ಅನ್ನ ಕಲಸೋ ಕೈ ನಿಂತು ಹೋಯ್ತು. ನನ್ನ ಮುಖ ನೋಡಿದ್ರು. 'ಬಿಡು, ಇನ್ನು ಯಾರೂ ಎಣಿಸಲ್ಲ' ಅಂದ್ರು."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟು ಬಂತು. ಸಿಟ್ಟು ಅಮ್ಮನ ಮೇಲೆ ತಿರುಗಿತು. ಒಂದು ಕೈ ತಪ್ಪಾಗಿ ಮೇಲೆದ್ದದ್ದಕ್ಕೆ ಒಬ್ಬ ಮನುಷ್ಯ ಒಂಬತ್ತು ವರ್ಷ ಗೇಟಿನಲ್ಲಿ ನಿಂತ. "ನೀನು ಹೇಳಬಹುದಿತ್ತಲ್ಲಮ್ಮ! ಮಾಲೀಕರ ಹತ್ರ ಹೋಗಿ, ನಾನು ಮಾಡಿದ್ದು ಅಂತ ಒಂದು ಮಾತು!" ಎಂದು ಕಿರುಚಿಯೇಬಿಟ್ಟಳು.

"ಹೇಳ್ಬೇಕಿತ್ತು. ಹೇಳಿದ್ರೆ ಯಾಕೆ ಅಂತ ಕೇಳೋರು. ಯಾಕೆ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ." ಅಮ್ಮ ಮಡಚಿದ ಬಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. "ದಿನಾ ಅಂದ್ಕೊಳ್ತಿದ್ದೆ, ನಾಳೆ ಹೋಗಿ ಹೇಳ್ತೀನಿ ಅಂತ. ಒಂಬತ್ತು ವರ್ಷದ ನಾಳೆ. ನಾನು ದೊಡ್ಡ ತಪ್ಪು ಮಾಡ್ದೆ, ನನಗೆ ಗೊತ್ತು. ಅವರಾದ್ರೂ ಬೈದಿದ್ರೆ ಚೆನ್ನಾಗಿತ್ತು. ಮಾಲೀಕರು ರಿಪೋರ್ಟು ತೋರಿಸಿದ ದಿನ ಮನೆಗೆ ಬಂದು ಏನಂದ್ರು ಗೊತ್ತಾ? 'ನಮ್ಮ ಮಗಳದು ಹದ್ದಿನ ಕಣ್ಣು ಕಣೇ, ಹನ್ನೊಂದಕ್ಕೆ ಹನ್ನೊಂದೂ ಹಿಡಿದಿದ್ದಾಳೆ. ಅಕ್ಷರ ನೋಡಬೇಕು ನೀನು, ಮುತ್ತು!' ಅಂತ. ಕೈ ಯಾರದು ಅನ್ನೋದೊಂದು ತಪ್ಪಿದ್ದಾಳೆ, ಅದನ್ನ ಹೇಳಿದ್ರೆ ಮೊದಲನೇ ತಿಂಗಳಲ್ಲೇ ಅವಳ ಕೆಲಸಕ್ಕೆ ಕುತ್ತು, ಸುಮ್ನಿರು ಅಂದ್ರು. ನಾನು ಸುಮ್ಮನಾದೆ. ನನಗೂ ಅದೇ ಬೇಕಾಗಿತ್ತು."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಎದ್ದು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿದಳು, ಅಲ್ಲೇ ನಿಂತು ಅತ್ತಳು. ಮುತ್ತಿನಂಥ ಅಕ್ಷರವಂತೆ. ಅಪ್ಪ ಅದನ್ನು ಹೆಮ್ಮೆಯಿಂದ ಓದಿದ್ದ. ಗೇಟಿನಲ್ಲಿ ಬನ್ನಿ ಬನ್ನಿ ಎನ್ನುವಾಗಲೂ ಅವನ ಮುಖದಲ್ಲಿದ್ದದ್ದು ಅದೇ ಹೆಮ್ಮೆಯಾಗಿತ್ತೇ? ಅವಳು ಆ ಮುಖವನ್ನು ನೋಡಿದ್ದರೆ ತಾನೇ ಗೊತ್ತಾಗುವುದು. ನೋಡಿದ್ದು ಟಿಕೆಟನ್ನು. ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಅಮ್ಮ ಬೀರುವಿನ ಒಳಗಿಂದ ಗುಂಡಿಯ ಡಬ್ಬಿಯನ್ನು ತಂದು ಮೇಜಿನ ಮೇಲೆ ಸುರಿದಿದ್ದಳು. ಅಂಗಿ ಗುಂಡಿ, ಕೋಟಿನ ಗುಂಡಿ, ಹುಕ್ಕುಗಳ ನಡುವೆ ದಾರ ಕಟ್ಟಿದ ಹನ್ನೊಂದು ಸಣ್ಣ ಸುರುಳಿಗಳು. ಅದೇ ಹುಳಿ ವಾಸನೆ.

"ಎಸೆಯೋಕೆ ಮನಸ್ಸು ಬರ್ಲಿಲ್ಲ," ಎಂದಳು ಅಮ್ಮ. "ಎಷ್ಟಾದ್ರೂ ಸಿನಿಮಾ ಅಲ್ವಾ. ನಡಿ, ನಾನೂ ಬರ್ತೀನಿ. ಕತ್ತರಿಸಿದೋಳೇ ಜೋಡಿಸಲಿ."

ಇಬ್ಬರೂ ನೆಲಮಾಳಿಗೆ ಸೇರಿದಾಗ ಗಂಟೆ ಮೂರಾಗಿತ್ತು. ಟಿಪ್ಪಣಿಯವನು ಕುರ್ಚಿಯಿಂದ ಎದ್ದು, ಮುದುಕಿಯನ್ನೂ ಗುಂಡಿಯ ಡಬ್ಬಿಯನ್ನೂ ನೋಡಿ ಕಣ್ಣು ಬಿಟ್ಟ. "ನಮ್ಮಮ್ಮ," ಎಂದಳು ಅವಳು, "ಕಳೆದುಹೋದ ಹನ್ನೊಂದು ತುಂಡು ಇವರ ಹತ್ರ ಇದೆ." ಅವನು ಧಾವಿಸಿ ಮೇಜಿನ ದೀಪ ಹೊತ್ತಿಸಿದ. ತುಂಡುಗಳು ಕಾಲಕ್ಕೆ ಕುಗ್ಗಿದ್ದವು. ಅವಳು ಒಂದೊಂದನ್ನೂ ತೂತು ಲೆಕ್ಕ ಹಾಕಿ, ಅಂಚು ನೋಡಿ, ಯಾವುದು ಎಲ್ಲಿಯದೆಂದು ಹೊಂದಿಸಿದಳು. ಇವತ್ತಿಗೆ ಮೂರನೆಯ ಹಾಡಿನ ಕೊನೆಯ ತುಂಡೊಂದು ಸಾಕು. ಅಮ್ಮ ಸ್ಟೂಲಿನ ಮೇಲೆ ಕೂತು ಬ್ಲೇಡು ಕೇಳಿದಳು, ಕುಂಚ ಕೇಳಿದಳು. ಎಡಗೈ ನಡುಗಲಿಲ್ಲ. ಕೆರೆದು, ಹಚ್ಚಿ, ಒತ್ತಿ, ಬಾಯಲ್ಲಿ ಇಪ್ಪತ್ತರ ತನಕ ಎಣಿಸಿ ಬೆರಳು ತೆಗೆದಳು. ಜಾಯಿಂಟ್ ಓರೆ. ಬಲದಿಂದ ಎಡಕ್ಕೆ. "ಕೆಂಪು ಪೆನ್ಸಿಲ್ ಇದ್ಯಾ? ಚುಕ್ಕೆ ಇಡ್ಬೇಕಲ್ಲ. ಇಲ್ದಿದ್ರೆ ನಿಮ್ಮಪ್ಪ ಸುಮ್ನಿರ್ತಿದ್ರಾ," ಎಂದಳು. ಮಗಳು ಪೆನ್ಸಿಲು ಹುಡುಕಿ ಕೊಟ್ಟಳು. ಅಮ್ಮ ಎರಡೂ ಜಾಯಿಂಟಿನ ಪಕ್ಕ ಒಂದೊಂದು ಚುಕ್ಕೆ ಇಟ್ಟಳು.

ನೋಡುವ ಯಂತ್ರದ ಪುಟ್ಟ ಪರದೆಯ ಮುಂದೆ ಮೂವರೂ ತಲೆಗೆ ತಲೆ ತಾಗುವಂತೆ ಕೂತರು. ಹಳೆಯ ತುಂಡು ಹರಿಯಬಾರದೆಂದು ಅವಳು ವೇಗ ತಗ್ಗಿಸಿದ್ದಳು, ಹಾಡು ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ ಎಳೆಯುತ್ತಿತ್ತು. ಗರಿಯ ಹುಡುಗಿಯರು ಬಂದರು, ಸುತ್ತಿದರು, ಸಾಲಾದರು. ಪ್ರತಿ ಸಲ ಎಗರುತ್ತಿದ್ದ ಜಾಗ ಬಂತು. ಎಗರಲಿಲ್ಲ. ಮೂಲೆಯಲ್ಲಿ ಕೂತ ಗೂಢಚಾರ ಮೇಜಿನ ಕೆಳಗೆ ಒಂದೊಂದೇ ಬೆರಳು ಮಡಚತೊಡಗಿದ. ಕೈಗಳು ಮೇಲೆದ್ದವು. ಬಲಗೈ, ಬಲಗೈ, ಬಲಗೈ. ಬಲತುದಿಯಿಂದ ಮೂರನೆಯವಳು, ಹತ್ತೊಂಬತ್ತರ ಹುಡುಗಿ, ಸಣ್ಣ ಗಲ್ಲ, ಕಣ್ಣಲ್ಲಿ ತಾನು ಸರಿಯಾಗಿಯೇ ಮಾಡುತ್ತಿದ್ದೇನೆಂಬ ಖುಷಿ, ಎಡಗೈಯನ್ನು ಎಲ್ಲರಿಗಿಂತ ಎತ್ತರಕ್ಕೆ ಎತ್ತಿ ನಿಂತಿದ್ದಳು. ಗೂಢಚಾರ ಕಾಲರ್ ಸರಿಪಡಿಸಿಕೊಂಡು ಎದ್ದು, ದಪ್ಪಗಿನ ದನಿಯಲ್ಲಿ, "ಎಂ...ಟು," ಎಂದ.

"ಏಳು!" ಎಂದಳು ಅಮ್ಮ.

ಕೂಗಿಯೇ ಹೇಳಿದಳು. ಹೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಲುಕುವಂತೆ ನಗತೊಡಗಿದಳು. ಟಿಪ್ಪಣಿಯವನು ಯಂತ್ರ ನಿಲ್ಲಿಸಿ, ಪರದೆಗೆ ಮೂಗು ತಾಗಿಸಿ ಎಣಿಸಿದ, ಪರದೆಯಿಂದ ಅಮ್ಮನ ಮುಖಕ್ಕೆ, ಅಮ್ಮನ ಎಡಗೈಯಲ್ಲಿ ಇನ್ನೂ ಇದ್ದ ಕೆಂಪು ಪೆನ್ಸಿಲಿಗೆ ಕಣ್ಣು ಹಾಯಿಸಿದ. "ಅಯ್ಯಯ್ಯೋ ಅಜ್ಜಿ! ನೀವೇನಾ ಇದು? ಎಂಟು ಎಲ್ಲಿಂದ ಬಂತು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ!" ಎಂದು ಅವನೂ ನಕ್ಕ. ನಗು ನಿಂತ ಮೇಲೆ ಮೇಜಿನ ಮೇಲಿದ್ದ ಹಳದಿ ಕಾಗದದ ಕಡೆ ಕೈ ಮಾಡಿದ. "ಹಾಗಾದ್ರೆ ಮೇಡಂ, ಈ ರಿಪೋರ್ಟಲ್ಲಿರೋ ಆಪರೇಟರ್‌ದು ಏನೂ ತಪ್ಪೇ ಇರಲಿಲ್ವಾ?"

"ಇರಲಿಲ್ಲ. ರಿಪೋರ್ಟೇ ತಪ್ಪು. ನಾನು ಬರೆದದ್ದು ತಪ್ಪು."

"ಪಾಪ. ಯಾರು ಅವರು?"

ಅಮ್ಮನ ನಗು ನಿಂತಿತು. ಪರದೆಯ ಮೇಲೆ ಹುಡುಗಿಯ ಎಡಗೈ ಇನ್ನೂ ಮೇಲೆಯೇ ಇತ್ತು. ಅವಳು ಈ ಸಲ ಡ್ರಾಯರಿಗೆ ಬಗ್ಗಲಿಲ್ಲ.

"ನಮ್ಮಪ್ಪ," ಎಂದಳು, ಆ ದಿನ ಟಾಕೀಸಿನಲ್ಲಿ ಬಾಲ್ಕನಿಯ ಮೆಟ್ಟಿಲ ಕೆಳಗೆ ಎಷ್ಟು ಗಟ್ಟಿಯಾಗಿ ಹೇಳಬೇಕಾಗಿತ್ತೋ ಅಷ್ಟೇ ಗಟ್ಟಿಯಾಗಿ. "ಅವರು ನಮ್ಮಪ್ಪ."